ಶೇರ್ ಮಾಡಿದರೆ ಆ ಹುಡುಗಿಗೆ 1 ರೂಪಾಯಿ ಸಿಗುತ್ತದೆಯೇ?

ಬಡಕಲು ಮೈಯ ಆಫ್ರಿಕಾದ ಹುಡುಗಿಯ ಫೋಟೋ, ಕೆಳಗೆ ‘ಪ್ರತಿ ಶೇರ್‌ಗೆ ಈಕೆಗೆ 1 ರೂಪಾಯಿ’ ಎಂಬ ಸಾಲು. ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಸುಳ್ಳು. ಎಷ್ಟು ಮಂದಿ ಫಾರ್ವರ್ಡ್ ಮಾಡಿದರೂ ವಾಟ್ಸಾಪ್ ಯಾರಿಗೂ ಹಣ ಕೊಡುವುದಿಲ್ಲ.

ಹಾಗಾದರೆ ಬಡತನ, ಅಸ್ಥಿರತೆ ಎರಡೂ ಇರುವ ದೇಶದ ಹುಡುಗಿಯರಿಗೆ ನಿಜಕ್ಕೂ ನೆರವಾಗುವುದು ಯಾವುದು? ಉತ್ತರಕ್ಕಾಗಿ ನಾವು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಕಡೆ ನೋಡೋಣ.

ಅಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ದೇಶ ಚೇತರಿಸಿಕೊಳ್ಳುತ್ತಿದ್ದಾಗಲೇ, 2014ರಲ್ಲಿ, ಎಬೋಲಾ ಬಂತು. ಸುಮಾರು 4,000 ಜನ ಸತ್ತರು. ಸಂತೆಗಳು ನಿಂತವು, ಓಡಾಟಕ್ಕೆ ನಿರ್ಬಂಧ ಬಿತ್ತು, ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿ 2015ರ ಏಪ್ರಿಲ್‌ನಲ್ಲಷ್ಟೇ ತೆರೆದವು. ಮನೆಯಲ್ಲಿ ದುಡಿಮೆಯಿಲ್ಲ, ಹುಡುಗಿಯರಿಗೆ ಹೋಗಲು ಶಾಲೆಯಿಲ್ಲ. ಊಟಕ್ಕೋ ಕಾಸಿಗೋ ಗಂಡಸರ ಹಂಗಿಗೆ ಬಿದ್ದವರು ಹಲವರು. ಹದಿಹರೆಯದ ಬಸಿರು ಹೆಚ್ಚಿತು.

ಶಾಲೆ ತೆರೆದಾಗ ಸರ್ಕಾರ ಮಾಡಿದ್ದೇನು? ಬಸಿರು ಎದ್ದು ಕಾಣುವ ಹುಡುಗಿಯರು ತರಗತಿಗೆ ಬರುವಂತಿಲ್ಲ ಎಂದಿತು. ಉಳಿದವರೂ ‘ಕೆಟ್ಟುಹೋಗುತ್ತಾರೆ’ ಎಂಬ ಭಯ! ಬಸಿರು ಅಂಟುರೋಗವಲ್ಲ ಎಂದು ಎಬೋಲಾ ಕಂಡ ದೇಶಕ್ಕೆ ಹೇಳಬೇಕಾಯಿತು. ತಂದೆಯಾದ ಹುಡುಗರಿಗೆ ಇಂಥ ನಿಷೇಧವೇನೂ ಇರಲಿಲ್ಲ. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಇದು ತಾರತಮ್ಯ ಎಂದು ತೀರ್ಪು ಕೊಟ್ಟ ಮೇಲೆ, 2020ರ ಮಾರ್ಚ್‌ನಲ್ಲಿ ನಿಷೇಧ ಹೋಯಿತು. ಅಷ್ಟರಲ್ಲಿ ಸುಮಾರು 5 ವರ್ಷ ಕಳೆದಿತ್ತು.

‘ಕಷ್ಟಕಾಲದಲ್ಲಿ ಮೊದಲು ಅಕ್ಕಿ, ಔಷಧಿ, ಹುಡುಗಿಯರ ವಿಷಯ ಆಮೇಲೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅದೇ ದೇಶದಲ್ಲಿ ಬಾಂಗ್ಲಾದೇಶ ಮೂಲದ ಬ್ರಾಕ್ ಸಂಸ್ಥೆ ಹಳ್ಳಿಗಳಲ್ಲಿ ಹುಡುಗಿಯರ ಕ್ಲಬ್ ನಡೆಸಿತ್ತು. ದೊಡ್ಡ ಕಟ್ಟಡವೇನಲ್ಲ. ಊರೊಳಗೇ ಸುರಕ್ಷಿತವಾದ ಒಂದು ಜಾಗ, ಓರಗೆಯ ಗೆಳತಿಯರು, ದೇಹ ಮತ್ತು ಆರೋಗ್ಯದ ಬಗ್ಗೆ ಮುಚ್ಚುಮರೆಯಿಲ್ಲದ ಮಾಹಿತಿ, ಒಂದಿಷ್ಟು ಕೈಕಸುಬು. ಯಾವ ಹಳ್ಳಿಗೆ ಕ್ಲಬ್ ಎಂಬುದನ್ನು ಲಾಟರಿಯಂತೆ ಆರಿಸಿದ್ದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ಸಂಶೋಧಕರು ಸುಮಾರು 4,700 ಹುಡುಗಿಯರನ್ನೂ ಯುವತಿಯರನ್ನೂ ಎಬೋಲಾ ಕಾಲದುದ್ದಕ್ಕೂ ಗಮನಿಸಿದರು.

ಎಬೋಲಾದಿಂದ ಹೆಚ್ಚು ಅಸ್ತವ್ಯಸ್ತವಾದ, ಕ್ಲಬ್ ಇಲ್ಲದ ಹಳ್ಳಿಗಳಲ್ಲಿ ಕಿರಿಯ ಹುಡುಗಿಯರ ಶಾಲಾ ದಾಖಲಾತಿ ನೂರಕ್ಕೆ 16ರಷ್ಟು ಮಂದಿಯ ಮಟ್ಟಿಗೆ ಕುಸಿಯಿತು, ಬಸಿರಾದವರು ಹೆಚ್ಚಾದರು. ಕ್ಲಬ್ ಇದ್ದ ಕಡೆ ಆ ಹಾನಿ ಬಹಳಷ್ಟು ತಪ್ಪಿತು. ಗಂಡಸರೊಂದಿಗೆ ಕಳೆಯುವ ಹೊತ್ತು ಕಡಿಮೆಯಿದ್ದುದರಿಂದ ಹುಡುಗಿಯರು ಮತ್ತೆ ಶಾಲೆಗೆ ಸೇರಲು ಸಾಧ್ಯವಾಯಿತು ಎಂಬುದು ಸಂಶೋಧಕರ ವಿವರಣೆ. ಕ್ಲಬ್ಬೇನೂ ಅಕ್ಕಿಗೆ ಬದಲಿಯಲ್ಲ. ಆದರೆ ಅದನ್ನು ‘ಆಮೇಲೆ’ ಎಂದು ಮುಂದೂಡಿದ್ದರೆ, ಆ ಹುಡುಗಿಯರ ಪಾಲಿಗೆ ಹೊತ್ತು ಮೀರಿರುತ್ತಿತ್ತು.