ಧ್ವನಿ 'ಮಾಡು' ಅಂದ್ರೆ ಮಾಡಲೇಬೇಕಾ? ಗುಳಿಗಿ ಸಿಗ್ತದ, ಮಾತಿನ ಚಿಕಿತ್ಸೆ ದೂರ

ಬೆಳಗಾವಿ: ಆಟೋ ನಗರದ ಗ್ಯಾರೇಜಿನಲ್ಲಿ ಗ್ರೈಂಡರ್ ಓಡುವಾಗ ಪಕ್ಕದವನ ಮಾತೇ ಕೇಳಿಸೋದಿಲ್ಲ. ಅಂಥಾ ಸದ್ದಿನಲ್ಲೂ ಒಬ್ಬನಿಗೆ ಮಾತ್ರ 'ಕೈ ಇಡು ಅದರಾಗ' ಅಂತ ಯಾರೋ ಹುಕುಂ ಮಾಡಿದಂತೆ ಕೇಳಿಸಿದರೆ? ಸುತ್ತಲಿನವರು ಗಾಳಿ ಸೋಕೇತಿ ಅಂತಾರೆ. ಮಾಲಕರು ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸ್ತಾರೆ.

ವೈದ್ಯರ ಪ್ರಕಾರ ಇದು ಕಾಯಿಲೆಯ ಲಕ್ಷಣ. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚಾಗಿ ಕಾಣುತ್ತದೆ. ಮೊದಲು ಗುಳಿಗೆ ಬೇಕೇ ಬೇಕು. ಆದರೆ ಕೆಲವರಿಗೆ ಗುಳಿಗೆ ತಗೊಂಡರೂ ಧ್ವನಿ ಪೂರ್ತಿ ನಿಲ್ಲುವುದಿಲ್ಲ.

ಅಂಥವರಿಗಾಗಿ ಇರುವುದು ಮಾತಿನ ಚಿಕಿತ್ಸೆ, ಅಂದರೆ ಕಾಗ್ನಿಟಿವ್ ಥೆರಪಿ. ಇದರ ಗುರಿ ಧ್ವನಿ ನಿಲ್ಲಿಸುವುದಲ್ಲ, ಅದರ ದರ್ಪ ಇಳಿಸುವುದು. 'ಹೇಳಿದ್ದು ಮಾಡದಿದ್ದರ ನಿಮ್ಮವ್ವ ಸಾಯ್ತಾಳ' ಅಂತ ಧ್ವನಿ ಹೆದರಿಸುತ್ತದೆ. ಹೆದರಿದವನು ಸಮಾಧಾನ ಮಾಡಲು ಅರ್ಧ ಮಾತು ಕೇಳುತ್ತಾನೆ. ಗೂಂಡಾನಿಗೆ ಹಫ್ತಾ ಕೊಟ್ಟಂಗ ಇದು, ಮುಂದಿನ ಸಲ ಮತ್ತೂ ಜಾಸ್ತಿ ಕೇಳ್ತಾನ. ಚಿಕಿತ್ಸಕರು ಬೈಯೋದಿಲ್ಲ, ಸುಳ್ಳು ಅಂತ ವಾದಕ್ಕೂ ಇಳಿಯೋದಿಲ್ಲ. 'ಹೋದ ಸಲ ನೀವು ಮಾತು ಕೇಳಲಿಲ್ಲ. ಅದು ಹೇಳಿದಂಗ ಏನರ ಆತಾ?' ಅಂತ ಕೇಳುತ್ತಾರೆ. ಉತ್ತರ ರೋಗಿಯ ಬಾಯಿಂದಲೇ ಬರಬೇಕು.

ಬ್ರಿಟನ್ನಿನಲ್ಲಿ ಮ್ಯಾಕ್ಸ್ ಬರ್ಚ್‌ವುಡ್ ತಂಡ 197 ಜನರ ಮೇಲೆ ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ 46ರಷ್ಟು ಮಂದಿ ಧ್ವನಿಯ ಆಜ್ಞೆಯನ್ನು ಪೂರ್ತಿ ಪಾಲಿಸಿದ್ದರು. ಜೊತೆಗೆ ಮಾತಿನ ಚಿಕಿತ್ಸೆಯೂ ಸಿಕ್ಕವರಲ್ಲಿ ಈ ಪ್ರಮಾಣ ಶೇ 28. ಪೂರ್ತಿ ಗುಣ ಅಲ್ಲ, ಖರೆ. ಆದರೆ ಆಜ್ಞೆ 'ಸಾಯಿ' ಅಂತ ಇದ್ದಾಗ ಈ ವ್ಯತ್ಯಾಸ ಸಣ್ಣದಲ್ಲ.

ನಮ್ಮಲ್ಲಿ ತೊಡಕು ಇರೋದು ಇಲ್ಲೇ. ಗುಳಿಗೆ ಬರೆಯಲು ಹತ್ತು ನಿಮಿಷ ಸಾಕು. ಈ ಚಿಕಿತ್ಸೆಗೆ ತಿಂಗಳುಗಟ್ಟಲೆ ಕೂತು ಮಾತಾಡುವ ತರಬೇತಾದ ಮನಶ್ಶಾಸ್ತ್ರಜ್ಞರು ಬೇಕು. ಬೆಳಗಾವಿಯ ಬಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ, ದೊಡ್ಡ ಸಂಸ್ಥೆ ಅಂದರೆ ಧಾರವಾಡದ ಡಿಮ್ಹಾನ್ಸ್. ಖಾನಾಪುರದ ಹಳ್ಳಿಯಿಂದ ವಾರಕ್ಕೊಮ್ಮೆ ಅಲ್ಲಿಗೆ ಹೋಗೋದಂದ್ರ ಆ ದಿನದ ಪಗಾರ ಹೋತು, ಜೋಡಿ ಬಂದವರದೂ ಹೋತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂತ ಹೇಳಿದೆ. ಹಕ್ಕು ತಾಲೂಕಿಗೆ ಇಳಿಯಬೇಕಾದರೆ ಡಾಕ್ಟರ್ ಹುದ್ದೆಯಷ್ಟೇ ಅಲ್ಲ, ಮನಶ್ಶಾಸ್ತ್ರಜ್ಞರ ಹುದ್ದೆಯನ್ನೂ ಜನಪ್ರತಿನಿಧಿಗಳು ಕೇಳಬೇಕು. ಅದನ್ನು ಕೇಳುವವರು ಕಡಿಮೆ.

ಸದ್ಯಕ್ಕೆ ಟೆಲಿ ಮಾನಸ್ ಇದೆ: 14416. ಉಚಿತ, 24 ತಾಸು, ಕನ್ನಡದಲ್ಲೂ ಮಾತಾಡ್ತಾರೆ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಧ್ವನಿ ಕೇಳಿಸ್ತದ ಅಂದರೆ ನಗಬೇಡಿ. 'ಅದು ಏನು ಮಾಡು ಅಂತದ?' ಅಂತ ನೇರ ಕೇಳಿ. ಜೀವಕ್ಕೆ ಕುತ್ತು ತರುವ ಮಾತಾಗಿದ್ದರೆ ಮಷಿನ್ ಬಿಡಿಸಿ, ಒಬ್ಬನನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.