ಡಬ್ಬಿಯ ಪುಡಿ, ಒಡೆದ ಹಾಲಿನ ತಿಳಿ



ತಿಪಟೂರಿಗೋ ತುಮಕೂರಿಗೋ ಓದಲು, ಕೆಲಸಕ್ಕೆ ಹೋಗುವ ಹುಡುಗರು ನಿಮ್ಮ ಮನೆಯಲ್ಲಿದ್ದರೆ ಈ ಡಬ್ಬಿಯನ್ನು ನೀವೂ ನೋಡಿರುತ್ತೀರಿ. ಅಗಲ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮಾವಿನದೋ ಕಿತ್ತಳೆಯದೋ ವಾಸನೆ ಬರುವ ನಯವಾದ ಪುಡಿ. ‘ವೇ ಪ್ರೋಟೀನ್’ ಅಂತ ಹೆಸರು. ವ್ಯಾಯಾಮ ಮುಗಿಸಿ ಬಂದು ಒಂದು ಅಳತೆ ಪುಡಿಯನ್ನು ತಣ್ಣೀರಿಗೆ ಹಾಕಿ ಕುಲುಕಿ ಕುಡಿದರೆ ಪಾನಕದ ಹಾಗೆ ಹಗುರಾಗಿ ಇಳಿಯುತ್ತದೆ, ಹಾಲಿನ ಜಿಡ್ಡಿಲ್ಲ. ಕಿಲೋಗೆ ಎರಡು ಮೂರು ಸಾವಿರ ರೂಪಾಯಿ, ಕೆಲವಕ್ಕೆ ಇನ್ನೂ ಹೆಚ್ಚು. ಬೆಲೆ ಕೇಳಿ ಎದೆ ಧಸಕ್ಕೆಂದರೂ ಬೆಳೆಯೋ ಮಗ ಅಂತ ಸುಮ್ಮನಾಗುತ್ತೇವೆ. ಸುಮ್ಮನಾಗುವ ಮೊದಲು ಅದೇನು ಅಂತ ತಿಳಿದುಕೊಳ್ಳೋಣ.

ವೇ ಅನ್ನೋದು ಪರದೇಶದ ಮೂಲಿಕೆಯೇನಲ್ಲ. ಹಾಲು ಒಡೆದಾಗ ಗಟ್ಟಿ ಒಂದು ಕಡೆ, ನೀರು ಒಂದು ಕಡೆ ಆಗುತ್ತದಲ್ಲ, ಆ ನೀರೇ. ಮೊಸರಿನ ಮೇಲೆ ನಿಲ್ಲುವ ತಿಳಿಯೂ ಅದೇ ಜಾತಿ. ಆಯುರ್ವೇದದಲ್ಲಿ ಅದಕ್ಕೆ ಮಸ್ತು ಎಂಬ ಹೆಸರಿದೆ. ಅದರ ಹಸಿರು ಬೆರೆತ ಹಳದಿ ಛಾಯೆ ರೈಬೋಫ್ಲೇವಿನ್ ಎಂಬ ಬಿ ಜೀವಸತ್ವದ್ದು. ಪ್ರೋಟೀನು, ಅಂದರೆ ನಾವು ಶಾಲೆಯಲ್ಲಿ ಓದಿದ ಸಸಾರಜನಕ, ಹಾಲಿನಲ್ಲಿ ಎಷ್ಟಿದೆಯೋ ಅದರಲ್ಲಿ ನೂರಕ್ಕೆ 80 ಪಾಲು ಗಟ್ಟಿಯ ಕಡೆಯದು, 20 ಪಾಲು ತಿಳಿಯ ಕಡೆಯದು. ಪರದೇಶಗಳಲ್ಲಿ ಚೀಸ್ ಮಾಡುವವರು ಈ ತಿಳಿಯನ್ನು ಹೊಳೆಗೆ ಬಿಡುತ್ತಿದ್ದರು, ಹಂದಿಗೆ ಹಾಕುತ್ತಿದ್ದರು. ಹೊಳೆ ಕೆಡುತ್ತದೆ ಅಂತ ಕಾನೂನು ಬಿಗಿಯಾಯಿತು. 1970ರ ದಶಕದಿಂದೀಚೆಗೆ ಬಲು ಸೂಕ್ಷ್ಮ ಜರಡಿಗಳಲ್ಲಿ ಸೋಸಿ, ಸಸಾರಜನಕವನ್ನು ಉಳಿಸಿ, ಒಣಗಿಸಿ ಪುಡಿ ಮಾಡುವುದು ಬಳಕೆಗೆ ಬಂತು. ಹಂದಿಯ ಪಾಲಿನದು ಈಗ ಕಿಲೋಗೆ ಸಾವಿರಗಟ್ಟಲೆ!

ಹಸು, ಎಮ್ಮೆ ಕಟ್ಟಿದ ಮನೆಯವರಿಗೆ ಈ ಸಸಾರಜನಕದ ಗುಣ ಬೇರೆ ರೀತಿಯಲ್ಲಿ ಗೊತ್ತೇ ಇದೆ. ಗಿಣ್ಣು ಮಾಡುವಾಗ ಹೆಪ್ಪು ಹಾಕೋಲ್ಲ, ನಿಂಬೆ ಹಿಂಡೋಲ್ಲ, ಬರೀ ಹಬೆಯಲ್ಲೇ ಗಟ್ಟಿಯಾಗುತ್ತದೆ. ಯಾಕೆ? ಈದ ಹಸುವಿನ ಮೊದಲ ಹಾಲಿನಲ್ಲಿ ತಿಳಿಯ ಜಾತಿಯ ಸಸಾರಜನಕ ತುಂಬಿರುತ್ತದೆ, ಅದು ಶಾಖ ತಾಗಿದರೆ ಗಟ್ಟಿಯಾಗುವಂಥದ್ದು. ಡಬ್ಬಿಯ ಪುಡಿಯನ್ನು ಕುದಿಯುವ ನೀರಿಗೆ ಹಾಕಿದರೆ ಗಂಟುಗಂಟಾಗುವುದೂ ಇದಕ್ಕೇ. ಸತ್ವ ಹೋಗುತ್ತದೆ ಅಂತಲ್ಲ, ಕುಡಿಯೋಕೆ ಆಗೋಲ್ಲ ಅಷ್ಟೆ.

ಇನ್ನು ಹಣ್ಣು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಸಿಟ್ರಿಕ್ ಆಮ್ಲ, ಸುವಾಸನೆ, ಬಣ್ಣ, ಸಕ್ಕರೆಯ ಬದಲು ಸುಕ್ರಲೋಸ್ ಇಂಥವು ಇರುತ್ತವೆ, ಚಿತ್ರದಲ್ಲಿರುವ ಮಾವಿನಹಣ್ಣು ಒಳಗೆ ಸಿಗುವುದು ಅಪರೂಪ. ಹುಳಿ ಹಾಕೋದು ರುಚಿಗಷ್ಟೇ ಅಲ್ಲ. ಹುಳಿ ನೀರಿನಲ್ಲಿ ಈ ಸಸಾರಜನಕ ತಿಳಿಯಾಗಿ ನಿಲ್ಲುತ್ತದೆ, ಅದಕ್ಕೇ ಹಾಲಿನ ಹಾಗೆ ಕಾಣದೆ ಷರಬತ್ತಿನ ಹಾಗೆ ಕಾಣೋದು. ಅಂದಹಾಗೆ, ನಮ್ಮ ನಂದಿನಿಯವರೂ ಈ ಕಡೆ ಕಾಲಿಟ್ಟಿದ್ದಾರೆ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ವೇ ಪ್ರೋಟೀನ್ ಬೆರೆಸಿದ ಇಡ್ಲಿ-ದೋಸೆ ಹಿಟ್ಟನ್ನು ಬೆಂಗಳೂರಿನಲ್ಲಿ ಮಾರಾಟಕ್ಕೆ ತಂದಿತು.

ಪುಡಿ ಒಳ್ಳೆಯದೋ ಕೆಟ್ಟದ್ದೋ? ಸಸಾರಜನಕ ಒಳ್ಳೆಯದೇ, ಬೇಗ ಅರಗುತ್ತದೆ, ಒಂದು ಅಳತೆಗೆ 20 ಗ್ರಾಂ ಆಸುಪಾಸು ಸಿಗುತ್ತದೆ. ಆದರೆ 2024ರಲ್ಲಿ ಕೇರಳದ ವೈದ್ಯರು ಪೇಟೆಯ 36 ಬಗೆಯ ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿದಾಗ, ನೂರಕ್ಕೆ ಸುಮಾರು 70ರಲ್ಲಿ ಡಬ್ಬಿಯ ಮೇಲೆ ಬರೆದ ಲೆಕ್ಕವೇ ಸರಿಯಿರಲಿಲ್ಲ. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ, ಮೈ ಕಟ್ಟಲೆಂದು ಇಂಥ ಪುಡಿ ತಿನ್ನಬೇಡಿ ಎಂದೇ ಹೇಳಿತು. ಮೂತ್ರಪಿಂಡದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಸಸಾರಜನಕ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಎಂದು 2020ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಕಬ್ಬಿಣ ಎತ್ತುವ ಹುಡುಗನಿಗೆ ಇನ್ನಷ್ಟು ಬೇಕು, ನಿಜ. ಆದರೆ ನಮ್ಮ ಮನೆಗಳಲ್ಲಿ ಅವನಿಗೆ ಕಡಿಮೆ ಮಾಡುವವರು ಯಾರು? ಗಟ್ಟಿ ಮೊಸರು ಅವನಿಗೆ, ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ ಅವನಿಗೆ, ಹುಳಿಯ ತಳದ ಬೇಳೆಯೂ ಸೌಟು ಸೌಟಾಗಿ ಅವನ ತಟ್ಟೆಗೇ.

ಈಗ ನಿಮ್ಮದನ್ನು ಲೆಕ್ಕ ಹಾಕಿ. ಎಲ್ಲರದೂ ಆದಮೇಲೆ ಕೂರುವ ನಮಗೆ ಎರಡು ಹೊತ್ತಿಗೆ ಎರಡು ಮುದ್ದೆ, ಅಂದರೆ ಸುಮಾರು 200 ಗ್ರಾಂ ರಾಗಿಹಿಟ್ಟು: 14 ಗ್ರಾಂ ಸಸಾರಜನಕ. 100 ಗ್ರಾಂ ಅಕ್ಕಿಯ ಅನ್ನಕ್ಕೆ 8 ಗ್ರಾಂ. ಮೇಲಿನ ತಿಳಿಸಾರಿಗೆ 3, ಕಾಫಿಯ ಹಾಲಿಗೆ ಇನ್ನೊಂದು 3. ಎಲ್ಲಾ ಸೇರಿ 28. ಬೇಕಾದದ್ದು 46. ಕೊರತೆ ಸರಿಯಾಗಿ ಆ ಡಬ್ಬಿಯ ಒಂದು ಅಳತೆಯಷ್ಟು! ಮೊಣಕೈ ಸೋಲು, ಮಧ್ಯಾಹ್ನದ ಹೊತ್ತಿಗೆ ಸುಸ್ತು ಅಂತ ನಾವು ವಯಸ್ಸಿನ ಮೇಲೆ ಹಾಕುವುದರಲ್ಲಿ ಇದರ ಪಾಲೂ ಇರಬಹುದು. ತೆಂಗಿನಸೀಮೆಯವರು ನಾವು, ಕೊಬ್ಬರಿ ಬೆಲ್ಲ ಬಾಯಿಗೆ ಹಾಕಿಕೊಂಡರೆ ಆಯಿತು ಅನ್ನುತ್ತೇವೆ. ಕೊಬ್ಬರಿಯಲ್ಲಿ ಎಣ್ಣೆಯೇ ಬಹುಪಾಲು, 100 ಗ್ರಾಮಿಗೆ 7 ಗ್ರಾಂ ಸಸಾರಜನಕ ಅಷ್ಟೆ. ಅದೇ 50 ಗ್ರಾಂ ಹುರಿಗಡಲೆಯಲ್ಲಿ 11 ಗ್ರಾಂ ಇದೆ. 40 ಗ್ರಾಂ ಹುರುಳಿಕಾಳಿನ ಉಸಲಿಯಲ್ಲಿ 9 ಗ್ರಾಂ. ಎರಡೂ ಸೇರಿ ಹತ್ತು ಹನ್ನೆರಡು ರೂಪಾಯಿಯ ಬಾಬತ್ತು. ಬಸ್ಸಾರು ಮಾಡಿದ ದಿನ ಬಸಿದ ಕಾಳನ್ನು ಪಲ್ಯಕ್ಕೆ ಹಾಕುವ ಮೊದಲು ಒಂದು ಬಟ್ಟಲು ನಿಮಗೆಂದು ತೆಗೆದಿಟ್ಟುಬಿಡಿ. ಬಡಿಸಿ ಮುಗಿದ ಮೇಲೆ ಉಳಿದರೆ ನೋಡೋಣ ಅಂದರೆ ಉಳಿಯೋಲ್ಲ.

ಹಣ್ಣಿನ ರುಚಿಯ ತಿಳಿ ಮನೆಯಲ್ಲೇ ಆಗಬೇಕು ಅನ್ನುವವರಿಗೆ: ಒಂದು ಲೀಟರು ಹಾಲು ಕುದಿ ಬಂದಾಗ ಉರಿ ತಗ್ಗಿಸಿ, ಒಂದೂವರೆ ನಿಂಬೆಹಣ್ಣಿನ ರಸವನ್ನು ಸ್ವಲ್ಪ ಸ್ವಲ್ಪವೇ ಬಿಡಿ. ತಿಳಿ ಬೇರೆಯಾದ ಕೂಡಲೇ ಇಳಿಸಿ ತೆಳು ಬಟ್ಟೆಯಲ್ಲಿ ಸೋಸಿ. ಮುಕ್ಕಾಲು ಲೀಟರಿನಷ್ಟು ತಿಳಿ ಸಿಗುತ್ತದೆ. ಚೆನ್ನಾಗಿ ಆರಿದ ಮೇಲೆ ಎರಡು ಕಿತ್ತಳೆಯ ರಸ ಅಥವಾ ಒಂದು ಮಾವಿನಹಣ್ಣಿನ ರಸ, ಮೂರು ಚಮಚ ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿ ಕದಡಿ. ಬಿಸಿಲಿನಿಂದ ಬಂದವರಿಗೆ ಹಿತ. ಆದರೆ ಇದು ಡಬ್ಬಿಯ ಪುಡಿಗೆ ಸಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಲು ಕುದಿಸಿ ಒಡೆದಾಗ ತಿಳಿಯ ಸಸಾರಜನಕವೂ ಬಹುಪಾಲು ಗಟ್ಟಿಗೇ ಅಂಟಿಕೊಳ್ಳುತ್ತದೆ, ಇಡೀ ಪಾತ್ರೆಯ ತಿಳಿಯಲ್ಲಿ ಉಳಿಯೋದು ಮೂರು ಗ್ರಾಂ ಸುತ್ತಮುತ್ತ. ಸತ್ವ ಇರೋದು ಬಟ್ಟೆಯಲ್ಲಿ ನಿಂತ ಗಟ್ಟಿಯಲ್ಲಿ. ಅದಕ್ಕೆ ಉಪ್ಪು, ಜಜ್ಜಿದ ಮೆಣಸು, ಕೊತ್ತಂಬರಿ ಸೊಪ್ಪು ಬೆರೆಸಿ ಚಪಾತಿಯ ಜೊತೆ ತಿನ್ನಿ. ಮಕ್ಕಳು ಬರೋ ಮೊದಲೇ ತಿಂದರೂ ತಪ್ಪಿಲ್ಲ.

ತಿಳಿಯಲ್ಲಿ ಹಾಲಿನ ಸಕ್ಕರೆ ಹಾಗೇ ಇರುತ್ತದೆ, ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಅರ್ಧ ಲೋಟಕ್ಕೆ ನಿಲ್ಲಿಸಲಿ. ಮಿಕ್ಕದ್ದರಲ್ಲಿ ಚಪಾತಿ ಹಿಟ್ಟು ಕಲಸಿ, ಮೆತ್ತಗಾಗುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಾತ್ರ ಇಡಬೇಡಿ, ಹುಳಿಗೆ ಕಿಲುಬು ಬಿಡುತ್ತದೆ.