ಇಂಗ್ಲಿಷ್ ವಿಶೇಷಣಗಳೂ ನಮ್ಮ ವಿಭಕ್ತಿಗಳೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಪ್ರಿಯ ವಿದ್ಯಾರ್ಥಿನಿಯರಿಗೂ ಈಗ ಕಲಿಯುತ್ತಿರುವ ಬಾಲಿಕೆಯರ ತಾಯಿತಂದೆಗಳಿಗೂ ಒಂದು ವಿಷಯವನ್ನು ಬಿಚ್ಚುಮನಸ್ಸಿನಿಂದ ಅರಿಕೆ ಮಾಡಿಕೊಳ್ಳಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆನು. ಈ ವರುಷ ಪೋಷಕರಲ್ಲಿ ಕೆಲವರು ನನ್ನ ಕೊಠಡಿಗೆ ಬಂದು, "ಅಮ್ಮನವರೇ, ಕನ್ನಡವು ಮನೆಯಲ್ಲಿಯೇ ಬರುತ್ತದೆ; ಕನ್ನಡ ವ್ಯಾಕರಣದ ಗಂಟೆಯನ್ನೂ ಇಂಗ್ಲಿಷಿಗೇ ಕೊಟ್ಟುಬಿಡಿರಿ" ಎಂದು ಕೇಳಿಕೊಂಡರು. ಅವರ ಆತುರವು ನನಗೆ ಅರ್ಥವಾಗದ್ದಲ್ಲ. ಇಂಗ್ಲಿಷಿನಲ್ಲಿ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯಲಾರದ ಹುಡುಗಿಗೆ ಎಷ್ಟು ಬಾಗಿಲುಗಳು ಮುಚ್ಚಿರುತ್ತವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದಾಗ್ಯೂ ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲವೆಂಬುದನ್ನು ಇಂಗ್ಲಿಷ್ ವ್ಯಾಕರಣದ ಒಂದು ಸಣ್ಣ ಮೂಲೆಯಿಂದಲೇ ತೋರಿಸುತ್ತೇನೆ.

ಇಂಗ್ಲಿಷಿನ ಅನೇಕ ವಿಶೇಷಣಗಳು ತಮಗೆ ಒಪ್ಪಿದ ಒಂದು ಪ್ರಿಪೊಸಿಷನ್ನನ್ನು ಜೊತೆಗೆ ಕರೆದುಕೊಂಡು ಬರುತ್ತವೆ. 'ಅಫ್ರೇಡ್' ಎಂಬುದರ ಮುಂದೆ 'ಆಫ್'. 'ಮ್ಯಾರೀಡ್' ಎಂಬುದರ ಮುಂದೆ 'ಟು'. 'ಆಂಗ್ರಿ' ಎಂಬುದರ ಮುಂದೆ, ಕೋಪವು ಮನುಷ್ಯರ ಮೇಲಾದರೆ, 'ವಿತ್'. ಇದಕ್ಕೆ ಕಾರಣವೇನೆಂದರೆ ಬಹುಮಟ್ಟಿಗೆ ರೂಢಿಯೇ ಹೊರತು ಬೇರೆ ಉತ್ತರವಿಲ್ಲ. ನಮ್ಮ ಬಾಲಿಕೆಯರ ನೋಟುಪುಸ್ತಕಗಳಲ್ಲಿ ಕೆಂಪು ಶಾಯಿಯು ಧಾರಾಳವಾಗಿ ಬೀಳುವ ಸ್ಥಳವೂ ಇದೇ.

ನಾನು ಉಪಾಧ್ಯಾಯಿನಿಯಾಗಿ ತರಬೇತಿ ಹೊಂದಿ ಬಂದ ಎರಡನೆಯ ವರುಷದಲ್ಲಿ ಒಬ್ಬ ಹುಡುಗಿಯು ತನ್ನ ಪ್ರಬಂಧದಲ್ಲಿ 'ಐ ಆಮ್ ಅಫ್ರೇಡ್ ಟು ದ ಡಾಗ್' ಎಂದು ಬರೆದಿದ್ದಳು. ನಾನು ಅದನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದಿದೆನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಆ ಮಗುವು ಆ ವರುಷವೆಲ್ಲ ನನ್ನ ಗಂಟೆಯಲ್ಲಿ ಬಾಯಿ ತೆರೆಯಲಿಲ್ಲ. ಪ್ರಶ್ನೆ ಕೇಳಿದರೆ ಎದ್ದುನಿಂತು ನೆಲವನ್ನು ನೋಡುವಳು. ಬಹಳ ದಿನಗಳ ತರುವಾಯ ಕನ್ನಡ ಪಂಡಿತರ ಸಂಗಡ ಈ ಮಾತು ಬಂದಾಗ ಅವರು, "ಅಮ್ಮಾ, ಅವಳು ಮಾಡಿದ ತಪ್ಪೇನು? ನಾಯಿಗೆ ಹೆದರುತ್ತೇನೆ ಎಂಬಲ್ಲಿಯ ಚತುರ್ಥಿಯನ್ನು ಕ್ರಮವಾಗಿ 'ಟು' ಎಂದು ತಿರುಗಿಸಿದ್ದಾಳೆ" ಎಂದರು. ನನಗೆ ನಾಚಿಕೆಯಾಯಿತು. ಆ ಹುಡುಗಿಯು ವ್ಯಾಕರಣವಿಲ್ಲದೆ ಬರೆದಿರಲಿಲ್ಲ. ಅವಳ ವ್ಯಾಕರಣವನ್ನು ನೋಡುವ ಕಣ್ಣು ನನಗಿರಲಿಲ್ಲ. ಅಷ್ಟೇ ಅಲ್ಲ, 'ಅಫ್ರೇಡ್ ಟು ಗೋ' ಎಂದು ಕ್ರಿಯೆಯೊಡನೆ ಹೇಳುವಾಗ ಅದೇ 'ಟು' ಸರಿಯಾಗಿಯೇ ಇರುತ್ತದೆ. ಪಾಪ, ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ.

ಆ ಪಂಡಿತರೇ ನನಗೆ ಇನ್ನೊಂದನ್ನು ತಿಳಿಸಿಕೊಟ್ಟರು. ಭಯವು ಯಾವುದರಿಂದ ಹುಟ್ಟುವುದೋ ಅದು ಅಪಾದಾನವೆಂದು ಪಾಣಿನಿಯ ಮತ. ಆದಕಾರಣ ಸಂಸ್ಕೃತದಲ್ಲಿ ಹುಲಿಯ ದೆಸೆಯಿಂದ ಹೆದರಬೇಕು, ಅದು ಪಂಚಮಿ. ಕನ್ನಡಿಗನಾದರೋ ಹುಲಿಗೇ ಹೆದರುತ್ತಾನೆ, ಅದು ಚತುರ್ಥಿ. ನಮ್ಮ ವೈಯಾಕರಣರು ಇಂಥಾದ್ದನ್ನು ವಿಭಕ್ತಿಪಲ್ಲಟವೆಂದು ಕರೆದರು. ಇಂಗ್ಲಿಷರು ನೋಡಿದರೆ ನಮ್ಮ ಷಷ್ಠಿಯನ್ನು ಹೋಲುವ 'ಆಫ್' ಎಂಬುದನ್ನು ಇಡುತ್ತಾರೆ. ಹುಲಿ ಒಂದೇ, ಹೆದರಿಕೆಯೂ ಒಂದೇ. ಕೋಪದ ಸಂಗತಿಯೂ ಹಾಗೆಯೇ. ಸಂಸ್ಕೃತದಲ್ಲಿ ಕೋಪಕ್ಕೆ ಗುರಿಯಾದವರಿಗೆ ಚತುರ್ಥಿ ಬರುತ್ತದೆ; ನಾವು 'ನನ್ನ ಮೇಲೆ ಕೋಪ' ಎನ್ನುತ್ತೇವೆ; ಅದರಿಂದ ನಮ್ಮ ಹುಡುಗಿಯರು 'ಆಂಗ್ರಿ ಆನ್ ಮಿ' ಎಂದು ಬರೆಯುತ್ತಾರೆ. ಇಂಗ್ಲಿಷರು 'ವಿತ್' ಎಂದು, ಜೊತೆಯಲ್ಲಿ ಕುಳಿತು ಕೋಪಿಸಿಕೊಳ್ಳುವವರಂತೆ ಹೇಳುತ್ತಾರೆ! ಈ ಮೂರನ್ನೂ ಕರಿಹಲಗೆಯ ಮೇಲೆ ಸಾಲಾಗಿ ಬರೆದು ತೋರಿಸಿದ ದಿನ ಹುಡುಗಿಯರು ನಗುತ್ತಾರೆ, ಆದರೆ ಒಬ್ಬಳನ್ನು ನೋಡಿ ನಗುವುದಿಲ್ಲ. ಮರುದಿನ ಕೇಳಿದರೆ 'ಆಂಗ್ರಿ ವಿತ್' ಎಂಬುದು ತಾನಾಗಿ ನಾಲಿಗೆಗೆ ಬರುತ್ತದೆ.

ಕನ್ನಡವನ್ನು ಬಿಡಿಸಿ ನೋಡಿದರೆ ಇಂಗ್ಲಿಷಿಗೆ ನೇರವಾಗಿ ಸಹಾಯವಾಗುವುದೂ ಉಂಟು. 'ಸುಪೀರಿಯರ್ ದ್ಯಾನ್', 'ಸೀನಿಯರ್ ದ್ಯಾನ್' ಎಂಬ ತಪ್ಪನ್ನು ಪದವೀಧರರೂ ಮಾಡುತ್ತಾರೆ. ಇವು ಲ್ಯಾಟಿನಿನಿಂದ ಬಂದ ಶಬ್ದಗಳಾದ್ದರಿಂದ 'ದ್ಯಾನ್' ಎಂಬುದನ್ನು ಒಲ್ಲವು, 'ಟು' ಎಂಬುದನ್ನೇ ಬಯಸುತ್ತವೆ. ಕನ್ನಡದ 'ನನಗಿಂತ' ಎಂಬುದನ್ನು ನೋಡಿರಿ: ಅದು 'ನನಗೆ' ಎಂಬ ಚತುರ್ಥಿಯ ಮೇಲೆಯೇ ನಿಂತಿದೆ. 'ಸೀನಿಯರ್ ಟು ಮಿ' ಎಂಬುದನ್ನು ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಹಾಗೆಂದು ಎಲ್ಲಾ ಕಡೆಯೂ ಕನ್ನಡವನ್ನು ನಂಬಬಾರದು. 'ಗಣಿತದಲ್ಲಿ ಹಿಂದೆ' ಇರುವವಳಿಗೆ 'ವೀಕ್ ಇನ್' ಎಂಬುದು ಸರಿಹೋಗುತ್ತದೆ. 'ಗಣಿತದಲ್ಲಿ ಜಾಣೆ'ಯಾದವಳು ಮಾತ್ರ ಸಾಮಾನ್ಯವಾಗಿ 'ಗುಡ್ ಅಟ್' ಎಂದು ಬರೆಯಬೇಕು.

ಇವೆಲ್ಲ ಸಣ್ಣ ತಪ್ಪುಗಳು, ಅರ್ಥವಾದರೆ ಸಾಲದೇ ಎಂದು ಕೆಲವರು ಹೇಳಬಹುದು. ಸಾಲದು. ಒಮ್ಮೆ ಒಬ್ಬ ವಿದ್ಯಾರ್ಥಿನಿಯು ರಜೆಯನ್ನು ಕೇಳಿ ಬರೆದ ಪತ್ರದಲ್ಲಿ, ತಾನು ಅಜ್ಜಿಯ ಆರೈಕೆ ಮಾಡಿ 'ಟಯರ್ಡ್ ಆಫ್' ಆಗಿದ್ದೇನೆಂದು ಬರೆದಿದ್ದಳು. ಅವಳ ಮನಸ್ಸಿನಲ್ಲಿ ಇದ್ದದ್ದು 'ಸಾಕಾಗಿದೆ' ಎಂಬ ಮಾತು. ನಮ್ಮ 'ಸಾಕಾಗಿದೆ'ಗೆ ದಣಿವೂ ಆಗಬಹುದು, ಬೇಸರವೂ ಆಗಬಹುದು. ಹೇಳುವವರ ಮುಖ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ 'ಟಯರ್ಡ್ ಫ್ರಮ್' ಎಂದರೆ ಮೈ ದಣಿದದ್ದು, 'ಟಯರ್ಡ್ ಆಫ್' ಎಂದರೆ ಮನಸ್ಸು ರೋಸಿದ್ದು. ಮೂರು ರಾತ್ರಿ ನಿದ್ದೆಗೆಟ್ಟು ಅಜ್ಜಿಯ ಹಾಸಿಗೆಯ ಬಳಿಯಲ್ಲಿ ಕುಳಿತ ಮಗುವು, ಎರಡಕ್ಷರದ ದೆಸೆಯಿಂದ, ಅಜ್ಜಿಯೇ ಬೇಡವಾದವಳಂತೆ ಕಾಗದದ ಮೇಲೆ ಕಾಣಿಸಿಕೊಂಡಳು. ಅವಳನ್ನು ಬಲ್ಲ ನಾನು ಸರಿಯಾಗಿ ತಿಳಿದುಕೊಂಡೆನು. ಅರ್ಜಿಯನ್ನು ಓದುವ ಅಪರಿಚಿತರು ತಿಳಿದುಕೊಳ್ಳುವರೇ?

ಇಂಗ್ಲಿಷರಲ್ಲಿಯೂ ಈ ವಿಷಯವಾಗಿ ಒಮ್ಮತವಿಲ್ಲವೆಂಬುದನ್ನು ಹುಡುಗಿಯರಿಗೆ ಮರೆಮಾಚಬಾರದು. 'ಡಿಫರೆಂಟ್' ಎಂಬುದರ ಮುಂದೆ 'ಫ್ರಮ್' ಮಾತ್ರವೇ ಬರಬೇಕೆಂಬುದು ಬರೀ ಮೂಢನಂಬಿಕೆಯೆಂದು ಫೌಲರ್ ಎಂಬ ಇಂಗ್ಲಿಷ್ ವಿದ್ವಾಂಸರು 1926ರಲ್ಲಿಯೇ ತಮ್ಮ ಪ್ರಯೋಗ ನಿಘಂಟಿನಲ್ಲಿ ಬರೆದರು. ಪರೀಕ್ಷೆಯಲ್ಲಿ 'ಫ್ರಮ್' ಎಂದೇ ಬರೆಯಿರಿ ಎಂದು ನಾನು ಹೇಳಿಕೊಡುತ್ತೇನೆ; ಆದರೆ 'ಡಿಫರೆಂಟ್ ಟು' ಎಂದವಳ ಅಂಕವನ್ನು ಕಳೆಯುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದೆಂದು ಕೇಳುವ ತಾಯಂದಿರಿಗೆ ಒಂದು ಮಾತು. ದೊಡ್ಡ ನಿಘಂಟುಗಳನ್ನು ಕೊಂಡು ಹಣವನ್ನು ಕಳೆಯಬೇಡಿರಿ. ಜಪಾನಿನಲ್ಲಿ ಇಂಗ್ಲಿಷನ್ನು ಕಲಿಸುತ್ತಿದ್ದ ಹಾರ್ನ್‌ಬಿ ಎಂಬವರು ತಮ್ಮ ಜೊತೆಗಾರರೊಡನೆ ರಚಿಸಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚುಹಾಕಿಸಿದ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದವರು ಮರಳಿ ಪ್ರಕಟಿಸಿದ ನಿಘಂಟು ಪರಭಾಷಿಕರಿಗಾಗಿಯೇ ಹುಟ್ಟಿತು. ಯಾವ ಶಬ್ದವು ಯಾವ ಶಬ್ದದೊಡನೆ ಸೇರುವುದೆಂಬುದನ್ನು ಆ ಬಗೆಯ ನಿಘಂಟುಗಳು ಉದಾಹರಣೆ ಸಹಿತವಾಗಿ ತೋರಿಸುತ್ತವೆ. ವಿಶೇಷಣವನ್ನು ಒಂಟಿಯಾಗಿ ಬಾಯಿಪಾಠ ಮಾಡಿಸದೆ, ಅದರ ಸಂಗಾತಿಯೊಡನೆ ಒಂದು ಪೂರ್ಣ ವಾಕ್ಯದಲ್ಲಿ ಹೇಳಿಸಿರಿ.

ಇನ್ನು ಕನ್ನಡವು ಮನೆಯಲ್ಲಿಯೇ ಬರುತ್ತದೆಂಬ ಮಾತು. ಮಾತನಾಡಲು ಬರುತ್ತದೆ, ನಿಜ. ಆದರೆ ಹುಲಿಗೆ ಹೆದರಿದೆನು ಎಂದು ದಿನವೂ ಹೇಳುವವಳಿಗೆ, ತಾನು ಅಲ್ಲಿ ಚತುರ್ಥಿಯನ್ನು ಇಟ್ಟೆನೆಂಬುದು ಮನೆಯಲ್ಲಿ ತಿಳಿಯುವುದಿಲ್ಲ. ಅದು ತಿಳಿಯದವಳಿಗೆ ತನ್ನ 'ಟು' ಎಲ್ಲಿಂದ ಬಂತೆಂಬುದೂ ತಿಳಿಯುವುದಿಲ್ಲ. ಎಷ್ಟು ಸಾರಿ ತಿದ್ದಿದರೂ ಅದು ಮತ್ತೆ ಬರುತ್ತದೆ. ಕಿಟ್ಟೆಲರು 1894ರಲ್ಲಿ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತರುವುದಕ್ಕೆ ಎಷ್ಟೋ ಮುಂಚೆಯೇ, 1872ರಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಎರಡು ಭಾಷೆಗಳನ್ನು ಎದುರುಬದುರಾಗಿ ಇಡಬೇಕಾದವರು ಮೊದಲು ಹಿಡಿದದ್ದು ವ್ಯಾಕರಣವನ್ನೇ.

ಮುಂದಿನ ವರುಷದ ವೇಳಾಪಟ್ಟಿಯಲ್ಲಿ ಕನ್ನಡ ವ್ಯಾಕರಣವು ಮಂಗಳವಾರ ಮತ್ತು ಗುರುವಾರ ಎರಡನೆಯ ಗಂಟೆಯಲ್ಲಿ ಇರುತ್ತದೆ. ಇಂಗ್ಲಿಷ್ ವ್ಯಾಕರಣವನ್ನು ಅದಕ್ಕೆ ಅಂಟಿಕೊಂಡಂತೆ ಮೂರನೆಯ ಗಂಟೆಗೆ ಇಟ್ಟಿದ್ದೇನೆ; ಕರಿಹಲಗೆಯನ್ನು ನಡುವೆ ಒರೆಸಕೂಡದೆಂದು ಉಪಾಧ್ಯಾಯಿನಿಯರಿಗೆ ಹೇಳಿಯಾಗಿದೆ. ಒಪ್ಪದ ಪೋಷಕರು ಶಾಲೆ ಬಿಟ್ಟ ಮೇಲೆ ಯಾವ ದಿನವಾದರೂ ಬಂದು ನನ್ನೊಡನೆ ವಾದಿಸಬಹುದು.